ನನಗೂ ಅರ್ಜಿದಾರರಿಗೂ ಯಾವ ಸಂಬಂಧವೂ ಇಲ್ಲ

"ಇದರ ಮೇಲೆ ಸೀಲು ಕೂರಲ್ಲ ಮೇಡಂ."

ಯೂನಿವರ್ಸಿಟಿ ಕಚೇರಿಯ ಮೂರನೇ ಕಿಟಕಿಯ ಒಳಗಿದ್ದವನು ಅವಳ ಪದವಿ ಪತ್ರವನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಒಮ್ಮೆ ತಿರುಗಿಸಿ, ಬಂದ ದಾರಿಯಲ್ಲೇ ವಾಪಸ್ ತಳ್ಳಿದ.

"ಕೂರಲ್ಲ ಅಂದ್ರೆ?"

"ಲ್ಯಾಮಿನೇಷನ್ ಮಾಡಿಸಿದೀರಲ್ಲ. ಪ್ಲಾಸ್ಟಿಕ್ ಮೇಲೆ ಮಸಿ ನಿಲ್ಲಲ್ಲ. ವಿದೇಶದ ಶಾಲೆಗೆ ತಾನೇ? ಹಿಂದುಗಡೆ ಯೂನಿವರ್ಸಿಟಿ ಸೀಲು, ಸಹಿ ಇದೆಯಾ ಅಂತ ಅವರು ಮೊದಲು ನೋಡ್ತಾರೆ."

"ಅಂಚು ಕತ್ತರಿಸಿ ಪ್ಲಾಸ್ಟಿಕ್ ಬಿಚ್ಚಿದ್ರೆ...?"

"ಕಾಗದಾನೂ ಜೊತೆಗೇ ಬರುತ್ತೆ." ಅವನು ಇನ್ನೂ ತಲೆ ಎತ್ತಿರಲಿಲ್ಲ. "ಅದ್ಯಾವ ಪುಣ್ಯಾತ್ಮ ಮೇಡಂ, ಡಿಗ್ರಿ ಸರ್ಟಿಫಿಕೇಟನ್ನ ತಗೊಂಡು ಹೋಗಿ ಪ್ಲಾಸ್ಟಿಕ್‌ನಲ್ಲಿ ಹೂತಿಟ್ಟಿದ್ದು?"

ಸಾಲಿನಲ್ಲಿ ನಿಂತಿದ್ದ ನಾಲ್ಕಾರು ಜನ ಕಿಸಕ್ಕನೆ ನಕ್ಕರು.

ಅವಳು ನಗಲಿಲ್ಲ. ಯಾಕೆಂದರೆ ಆ ಪುಣ್ಯಾತ್ಮ ಅವಳ ಪಕ್ಕದಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳ ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದವನು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ.

"ನಮ್ಮಪ್ಪ ಸಾರ್," ಅಂದಳು ಅವಳು. "ಇವರೇ. ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳಿ!"

ಆಗ ಅವನು ತಲೆ ಎತ್ತಿದ.

ಮೊದಲು ಅಪ್ಪನನ್ನು ನೋಡಿದ. ಆಮೇಲೆ ಅವಳನ್ನು. ಅವಳ ಕಣ್ಣಲ್ಲಿ ಸಿಟ್ಟೂ ಇತ್ತು, ನೀರೂ ಇತ್ತು. ಯಾವುದು ಮೊದಲು ಹೊರಗೆ ಬೀಳುತ್ತದೋ ಅವಳಿಗೇ ಗೊತ್ತಿರಲಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದ... ಅಷ್ಟರಲ್ಲಿ ಹಿಂದಿನಿಂದ ಯಾರೋ "ಮುಂದೆ ನಡೀರಿ, ನಮಗೂ ಕೆಲ್ಸ ಇದೆ" ಎಂದು ಗದರಿದರು.

"ಹಳೇದನ್ನ ರದ್ದು ಮಾಡಿಸಿ, ಎರಡನೇ ಪ್ರತಿಗೆ ಅರ್ಜಿ ಹಾಕಬೇಕಾಗುತ್ತೆ ಮೇಡಂ," ಎಂದಷ್ಟೇ ಹೇಳಿದ. ದನಿ ಈಗ ಇಳಿದಿತ್ತು. "ಸ್ವಲ್ಪ ಸಮಯ ಹಿಡಿಯುತ್ತೆ."

ಸಮಯ! ಅವಳ ಹತ್ತಿರ ಇಲ್ಲದೇ ಇದ್ದದ್ದು ಅದೊಂದೇ.

ಅವಳನ್ನು ಎಲ್ಲರೂ 'ಮಿಸ್' ಎನ್ನುತ್ತಿದ್ದರು. ಬೇಕರಿಯ ಮೇಲಿನ ಮಹಡಿಯಲ್ಲಿ ಎಂಟು ವರ್ಷದಿಂದ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದವಳು ಅವಳು. ಮಕ್ಕಳು ಹಾಗೆ ಕರೆದು ಕರೆದು, ಕೊನೆಗೆ ಮಕ್ಕಳ ಅಮ್ಮಂದಿರು, ಔಷಧಿ ಅಂಗಡಿಯವನು, ಬಸ್ ಕಂಡಕ್ಟರ್, ಎಲ್ಲರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ನಾವೂ ಹಾಗೇ ಕರೆಯೋಣ. ಅವಳೇನೂ ಬೇಸರ ಮಾಡಿಕೊಳ್ಳುವವಳಲ್ಲ.

ಅವಳ ಹತ್ತಿರ ಕಲಿತವರು ಎಲ್ಲೆಲ್ಲಿಗೋ ಹೋಗಿದ್ದರು. ಅಲ್ಲಿಂದ ಫೋಟೋ ಕಳಿಸುತ್ತಿದ್ದರು. 'ಮಿಸ್, ಎಲ್ಲ ನಿಮ್ಮಿಂದ' ಎಂದು ಕೆಳಗೆ ಬರೆಯುತ್ತಿದ್ದರು. ಮಿಸ್ ಮಾತ್ರ ಅದೇ ಕಪ್ಪು ಹಲಗೆಯ ಮುಂದೆ, ಅದೇ ಕಿರ್ರೆನ್ನುವ ಫ್ಯಾನಿನ ಕೆಳಗೆ ನಿಂತು ಆ ಫೋಟೋಗಳನ್ನು ನೋಡುತ್ತಿದ್ದಳು. ಸಂತೋಷವಾಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಹೊಟ್ಟೆಯಲ್ಲಿ ಸಣ್ಣಗೆ ಉರಿಯೂ ಆಗುತ್ತಿತ್ತು.

ಕೊನೆಗೂ ಅವಳ ಪಾಳಿ ಬಂದಿತ್ತು. ಕಡಲಾಚೆಯ ಒಂದು ಶಾಲೆಯವರು ಕಂಪ್ಯೂಟರಿನಲ್ಲೇ ಸಂದರ್ಶನ ಮಾಡಿ, ಅವಳು ಪಾಠ ಮಾಡಿ ತೋರಿಸಿದ್ದಕ್ಕೆ ಮನಸಾರೆ ನಕ್ಕು, 'ನಮ್ಮ ಮಕ್ಕಳಿಗೆ ನೀವೇ ಬೇಕು' ಎಂದಿದ್ದರು. ಎರಡು ವರ್ಷದ ಕೆಲಸ. ಅವಳು ಅಂದು ಬೇಕರಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಿದ್ದಳು.

ಹಿಂದೆಯೇ ಬಂತು ಷರತ್ತು. ಪದವಿ ಪತ್ರದ ಹಿಂಬದಿಯಲ್ಲಿ ಯೂನಿವರ್ಸಿಟಿಯ ಮುದ್ರೆ ಬೇಕು. ಅಂಕಪಟ್ಟಿಗಳು ಮುಚ್ಚಿದ ಲಕೋಟೆಯಲ್ಲಿ ಯೂನಿವರ್ಸಿಟಿಯಿಂದಲೇ ನೇರವಾಗಿ ಬರಬೇಕು. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲೇ ಎಂದು ಇನ್ನೊಂದು ಪತ್ರ ಬೇಕು. ಎಲ್ಲವೂ ತಿಂಗಳ ಕೊನೆಯೊಳಗೆ ತಲುಪಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ಎಂಟು ವರ್ಷ ಇಂಗ್ಲಿಷ್ ಕಲಿಸಿದವಳು, ತನಗೆ ಇಂಗ್ಲಿಷ್ ಬರುತ್ತದೆ ಅನ್ನುವುದಕ್ಕೆ ಯಾರದೋ ಸಹಿ ತರಬೇಕಂತೆ! ಓದಿದಾಗ ಮಿಸ್ ನಕ್ಕಿದ್ದಳು. ಈಗ ನಗು ಬರಲಿಲ್ಲ.

ಅಪ್ಪನದು ಫೋಟೋಗಳಿಗೆ ಕಟ್ಟು ಹಾಕುವ, ಲ್ಯಾಮಿನೇಷನ್ ಮಾಡುವ ಅಂಗಡಿ. ಊರಿನವರ ಮದುವೆ ಫೋಟೋ, ರೇಷನ್ ಕಾರ್ಡು, ತೀರಿಹೋದವರ ಮುಖ, ಎಲ್ಲವನ್ನೂ ಧೂಳು ಬೀಳದ ಹಾಗೆ ಕಾಪಾಡುವುದೇ ಅವನ ಬದುಕು. ಮಗಳ ಪದವಿ ಪತ್ರ ಬಂದ ದಿನ ಅವನು ಅಂಗಡಿಯಲ್ಲಿದ್ದ ಅತ್ಯಂತ ದಪ್ಪನೆಯ ಹಾಳೆ ತೆಗೆದ. ಒಂದೂ ಗುಳ್ಳೆ ಏಳದ ಹಾಗೆ, ಉಸಿರು ಬಿಗಿಹಿಡಿದು ಲ್ಯಾಮಿನೇಷನ್ ಮಾಡಿ, ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ. ಕೆಲಸ ಹೇಗೆ ಮಾಡುತ್ತೀರಿ ಎಂದು ಗಿರಾಕಿ ಕೇಳಿದರೆ ಅದನ್ನೇ ತೋರಿಸುತ್ತಿದ್ದ. "ನೋಡಿ, ಇದು ನಮ್ಮ ಹುಡುಗೀದು."

ಈಗ ವಾಪಸ್ ಬರುವ ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ.

"ಅಪ್ಪಾ, ಅವನ ಮಾತು ತಲೆಗೆ ಹಚ್ಕೋಬೇಡ. ಅವನೊಬ್ಬ ಮೂರನೇ ಕಿಟಕಿ. ಅವನಿಗೇನು ಗೊತ್ತು!"

"ಅವನು ಹೇಳಿದ್ದು ಸರಿನೇ ಅಲ್ವಾ ಪುಟ್ಟಾ..."

ಮಿಸ್ ಅವನ ಕೈ ಹಿಡಿದುಕೊಂಡಳು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮಾರನೇ ದಿನ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಅವಳು ಬಗ್ಗಿ ಒಳಗೆ ಹೋದಳು. ಅಪ್ಪ ನೆಲದ ಮೇಲೆ ಕೂತಿದ್ದ. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇತ್ತು. ಸುತ್ತ ಹಳೆಯ ಕಾಗದದ ಚೂರುಗಳು. ಬಿಸಿ ಮುಟ್ಟಿಸಿ, ಬ್ಲೇಡಿನಿಂದ ಪ್ಲಾಸ್ಟಿಕ್ ಎಬ್ಬಿಸುವುದನ್ನು ಅವನು ಬೆಳಗ್ಗೆಯಿಂದ ಅವುಗಳ ಮೇಲೆ ಅಭ್ಯಾಸ ಮಾಡಿದ್ದ.

"ಅವೆಲ್ಲ ಚೆನ್ನಾಗಿ ಬಂದ್ವು ಪುಟ್ಟಾ," ಅಂದ. "ಇದೂ ಬರುತ್ತೆ ಅಂದ್ಕೊಂಡೆ."

ಅವನ ತೊಡೆಯ ಮೇಲೆ ಪದವಿ ಪತ್ರವಿತ್ತು. ಕೆಳಗಿನ ಮೂಲೆಯ ಪ್ಲಾಸ್ಟಿಕ್ ಎದ್ದುಬಂದಿತ್ತು. ಅದರ ಜೊತೆಗೆ ಕುಲಪತಿಗಳ ಸಹಿಯೂ ಸಿಪ್ಪೆಯಂತೆ ಎದ್ದುಬಂದಿತ್ತು.

ಅವನು ಆ ಸಿಪ್ಪೆಯನ್ನು ಬೆರಳಿನಿಂದ ಮತ್ತೆ ಕಾಗದಕ್ಕೆ ಒತ್ತುತ್ತಿದ್ದ.

'ಯಾಕೆ ಮುಟ್ಟಿದೆ ಅಪ್ಪಾ...' ಎನ್ನಹೊರಟವಳು ತಡೆದುಕೊಂಡಳು. ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟಳು. "ಮೊದಲು ಊಟ ಮಾಡು."

ಇಬ್ಬರೂ ಉಣ್ಣಲಿಲ್ಲ.

ಮೂರನೇ ಕಿಟಕಿಯ ಮುಂದೆ ಮತ್ತೆ ನಿಂತಾಗ ಅವಳು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ಏನಾದರೂ ಅನ್ನಲಿ, ಇವತ್ತು ಬಿಡುವುದಿಲ್ಲ!

ಅವನು ಹರಿದ ಮೂಲೆಯನ್ನು ನೋಡಿದ. ತುಂಬ ಹೊತ್ತು ನೋಡಿದ.

"ಅಪ್ಪ ಬಿಚ್ಚೋಕೆ ನೋಡಿದ್ರಾ?" ಎಂದು ಮೆಲ್ಲಗೆ ಕೇಳಿದ.

"ಹೂಂ. ಬೇರೆಯವರಿಗೆಲ್ಲ ಲ್ಯಾಮಿನೇಷನ್ ಮಾಡಿಕೊಡೋ ಅಂಗಡಿ ಅವರದು."

"ಛೇ... ನಾನು ಅವತ್ತು ಹಾಗೆ ಮಾತಾಡಬಾರದಿತ್ತು." ಅರ್ಜಿಯನ್ನು ತಾನೇ ಅವಳ ಕಡೆ ಸರಿಸಿ, ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದ. "ಎರಡನೇ ಪ್ರತಿ ಬರೋಕೆ ಹಳೇ ರಿಜಿಸ್ಟರ್ ತೆಗೀಬೇಕು. ನಾನೇ ಹುಡುಕ್ತೀನಿ. ನೀವು ಟೆನ್ಷನ್ ಮಾಡ್ಕೋಬೇಡಿ."

ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮಿಸ್‌ಳ ಬಾಯಲ್ಲೇ ಉಳಿಯಿತು.

ಆ ವಾರ ಅಂಗಡಿಗೆ ಒಬ್ಬ ಗಿರಾಕಿ ಬಂದ. ತನ್ನ ತಾಯಿಯ ಒಂದು ಹಳೆಯ ಫೋಟೋ ಮುಂದಿಟ್ಟು, ಕಟ್ಟು ಹಾಕಿಕೊಡಿ ಅಂದ. ಅಪ್ಪ ಮುಖ ಎತ್ತಿ ನೋಡಿದ. ಗುರುತು ಸಿಕ್ಕಿತು.

"ನೀವು ಆ ಕಿಟಕಿಯವರಲ್ವಾ?"

"ಹೌದು ಸಾರ್. ನಮ್ಮಮ್ಮ ಹೋಗಿ ಮೂರು ವರ್ಷ ಆಯ್ತು. ಯಾರ ಕೈಗೆ ಕೊಡೋಕೂ ಧೈರ್ಯ ಬಂದಿರಲಿಲ್ಲ. ನಿಮ್ಮ ಕೆಲಸ ನೋಡಿದೀನಿ. ಒಂದೂ ಗುಳ್ಳೆ ಇರಲಿಲ್ಲ."

ಅಪ್ಪ ಆ ಸಂಜೆ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದ. ಬಡಿಸುತ್ತಿದ್ದ ಮಗಳಿಗೆ ಕಾರಣ ಗೊತ್ತಾದಾಗ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. 'ಅವನಾ? ಆ ಮೂರನೇ ಕಿಟಕಿಯಾ?'

ಆಮೇಲೆ ಅವಳು ಕಚೇರಿಗೆ ಹೋದಾಗಲೆಲ್ಲ ಊಟದ ಹೊತ್ತಾಗಿಬಿಡುತ್ತಿತ್ತು. ಅದು ಹೇಗೋ ಹಾಗಾಗುತ್ತಿತ್ತು, ಅವಳ ತಪ್ಪೇನೂ ಇರಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು! ಮೆಟ್ಟಿಲ ಕೆಳಗೆ ಒಂದು ಬೆಂಚಿತ್ತು. ಅವನು ಡಬ್ಬಿ ತಂದು ಆ ತುದಿಯಲ್ಲಿ ಕೂರುತ್ತಿದ್ದ. ಅವಳು ಈ ತುದಿಯಲ್ಲಿ. ಮಧ್ಯೆ ಅವಳ ಕೈಚೀಲ ಕಾವಲಿಗಿರುತ್ತಿತ್ತು.

"ನನ್ನ ಕೈಯಿಂದ ಸೀಲು ಬಿದ್ದವರೆಲ್ಲ ವಿಮಾನ ಹತ್ತಿದಾರೆ," ಅಂದ ಅವನು ಒಂದು ದಿನ. "ನಾನು ವಿಮಾನ ನೋಡಿರೋದು ತಲೆ ಮೇಲೆ ಹೋಗುವಾಗ ಮಾತ್ರ."

"ನನ್ನ ಕಥೆಯೂ ಅದೇ. ಇಂಗ್ಲಿಷ್ ಕಲಿಸಿ ಕಳಿಸೋದು ನಾನು, ಹೋಗೋದು ಅವರು."

"ಹಾಗಾದ್ರೆ ನಾವಿಬ್ಬರೂ ಬಸ್ ಸ್ಟ್ಯಾಂಡಲ್ಲಿ ಟಾಟಾ ಮಾಡೋ ಪೈಕಿ."

ಅವಳು ನಕ್ಕುಬಿಟ್ಟಳು. ನಗುವಾಗ ಅವನು ನೋಡುತ್ತಿದ್ದುದನ್ನೂ ನೋಡಿದಳು.

"ಸೀಲು ಒತ್ತೋದು ಅಷ್ಟು ದೊಡ್ಡ ಕೆಲಸಾನಾ?" ಎಂದು ಕೆಣಕಿದಳು.

"ಒತ್ತೋದು ಸುಲಭ. ಅದಕ್ಕೆ ಮುಂಚೆ ಪ್ರತಿ ಕಡತದಲ್ಲೂ ನನ್ನ ಕೈಯಾರೆ ಒಂದು ಸಾಲು ಬರೀಬೇಕು. 'ನನಗೂ ಅರ್ಜಿದಾರರಿಗೂ ಯಾವ ಸಂಬಂಧವೂ ಇಲ್ಲ' ಅಂತ. ಹಿಂದೆ ಯಾರೋ ಗುಮಾಸ್ತ ತನ್ನ ಬಾಮೈದನ ಪದವಿ ತಾನೇ ದೃಢೀಕರಿಸಿದ್ನಂತೆ. ಅದು ಹೊರಗೆ ಬಂದು, ಆ ವರ್ಷದ ಅರ್ಧ ಜನರ ಕಾಗದಪತ್ರ ವಾಪಸ್ ಬಂತು. ಅವತ್ತಿಂದ ಈ ಸಾಲು." ಅವನು ಡಬ್ಬಿ ಮುಚ್ಚುತ್ತ ನಕ್ಕ. "ದಿನವಿಡೀ ಇವರಿಗೂ ನನಗೂ ಸಂಬಂಧ ಇಲ್ಲ, ಅವರಿಗೂ ನನಗೂ ಸಂಬಂಧ ಇಲ್ಲ ಅಂತ ಬರೆದು ಬರೆದು, ಅಮ್ಮ ಹೋದ ಮೇಲೆ ಅದೇ ನಿಜ ಆಗೋಯ್ತು ನೋಡಿ."

ನಗುತ್ತಲೇ ಹೇಳಿದ. ಆದರೆ ಅವಳಿಗೆ 'ಹೀಗೆಲ್ಲ ಹೇಳಬೇಡಿ' ಅನ್ನಬೇಕೆನಿಸಿತು. ಅನ್ನಲು ತಾನು ಯಾರು? ಇನ್ನೇನು ಹೊರಟುಹೋಗುವವಳು...

"ನೀವು ಹೋದ್ಮೇಲೆ ಈ ಬೆಂಚು ಬಿಕೋ ಅನ್ನುತ್ತೆ," ಅಂದ ಅವನು, ಅವಳನ್ನು ನೋಡದೆ.

ಅವಳು ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬೆಂಚಿನ ಮಧ್ಯೆ ಈಗ ಏನೂ ಇರಲಿಲ್ಲ. ಇಬ್ಬರೂ ಆ ಖಾಲಿ ಜಾಗವನ್ನೇ ನೋಡುತ್ತ ಕೂತರು. ಊಟದ ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿತು.

ಎರಡನೇ ಪ್ರತಿ ಬಂದಿದೆ, ಇನ್ನು ದೃಢೀಕರಣ ಒಂದೇ ಬಾಕಿ ಎಂದು ಫೋನು ಬಂದಾಗ ಮಿಸ್ ಓಡೋಡಿ ಹೋದಳು. ಕೊನೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಬದುಕಿದೆ!

ಮೂರನೇ ಕಿಟಕಿಯಲ್ಲಿ ಅವನಿದ್ದ. ಆದರೆ ಅವಳನ್ನು ನೋಡಿದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು.

"ನಿಮ್ಮ ಕಡತ... ಈಗ ನನ್ನ ಹತ್ತಿರ ಇಲ್ಲ. ಐದನೇ ಕಿಟಕಿಗೆ ಹೋಗಿದೆ."

"ಯಾಕೆ?"

"ನಿಯಮ."

"ಏನು ನಿಯಮ? ಇಷ್ಟು ದಿನ ಇರಲಿಲ್ವಾ ಆ ನಿಯಮ?"

ಅವಳು ಐದನೇ ಕಿಟಕಿಗೆ ಹೋದಳು. ಕುರ್ಚಿ ಖಾಲಿ ಇತ್ತು. ಆ ಕುರ್ಚಿಯ ಅಮ್ಮ ನಿನ್ನೆಯಿಂದ ರಜೆಯಂತೆ, ಮಗಳಿಗೆ ಹೆರಿಗೆಯಂತೆ, ಯಾವಾಗ ಬರುತ್ತಾರೋ ಗೊತ್ತಿಲ್ಲವಂತೆ. ದೃಢೀಕರಣದ ಸಹಿಯ ಅಧಿಕಾರ ಇದ್ದದ್ದು ಎರಡೇ ಕಿಟಕಿಗೆ. ಮೂರನೆಯದು, ಐದನೆಯದು.

ಮಿಸ್ ಮೂರನೇ ಕಿಟಕಿಗೆ ವಾಪಸ್ ಬಂದಳು.

"ಅವರು ರಜೆ ಅಂತ ಗೊತ್ತಿದ್ದೂ ಅಲ್ಲಿಗೆ ಕಳಿಸಿದ್ರಾ?"

"ಕಳಿಸಿದಾಗ ಗೊತ್ತಿರಲಿಲ್ಲ..."

"ಈಗ ಗೊತ್ತಲ್ಲ! ವಾಪಸ್ ತಗೊಳ್ಳಿ. ಒಂದು ಸಹಿ ಸಾರ್... ಒಂದೇ ಒಂದು ಸಹಿ!"

"ಆಗಲ್ಲ." ಅವನ ದನಿ ಅವನಿಗೇ ಕೇಳಿಸುವಷ್ಟಿತ್ತು. "ನನ್ನ ಕೈಯಲ್ಲಿ ಆಗಲ್ಲ."

ಬೆಂಚಿನ ಮೇಲೆ ಅವನು ಆಡಿದ ಮಾತು ಆಗ ಅವಳಿಗೆ ಹೊಳೆಯಿತು. ಬೆಂಚು ಬಿಕೋ ಅನ್ನುತ್ತೆ... ಓಹೋ! ಇದಾ ವಿಷಯ?

"ನಾನು ಹೋಗಬಾರದು ಅಂತ ತಾನೇ?" ಎಂದು ಕೇಳಿಯೇಬಿಟ್ಟಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲ, ಅದಕ್ಕೆ ಕಡತ ಹಿಡಿದು ಆಟ ಆಡಿಸ್ತಿದೀರಾ? ನಮ್ಮಪ್ಪ ಗೊತ್ತಿಲ್ದೆ ಹಾಳು ಮಾಡಿದ. ನೀವು ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ರಿ!"

ಅವನು ಎದ್ದು ನಿಂತ. ಮತ್ತೆ ಕೂತ. ಕಿಟಕಿಯ ಸರಳನ್ನು ಹಿಡಿದಿದ್ದ ಅವಳ ಬೆರಳುಗಳನ್ನು ನೋಡಿದ.

"ಹಾಗಲ್ಲ..." ಅಂದ.

"ಮತ್ತೆ ಹೇಗೆ? ಹೇಳಿ!"

ಅವನು ತಲೆ ತಗ್ಗಿಸಿ ಮುಂದಿನವರ ಅರ್ಜಿಗೆ ಕೈ ಚಾಚಿದ.

ಆ ವಾರವೆಲ್ಲ ಅವಳು ಏನು ಮಾಡಲಿಲ್ಲ? ಶಾಲೆಗೆ ಮೇಲ್ ಬರೆದಳು, ಇನ್ನು ಸ್ವಲ್ಪ ದಿನ ಕೊಡಿ ಎಂದು ಬೇಡಿದಳು. ಕಚೇರಿಗೆ ದಿನಾ ಹೋಗಿ ಐದನೇ ಕಿಟಕಿಯ ಖಾಲಿ ಕುರ್ಚಿಯನ್ನು ನೋಡಿ ಬಂದಳು. ಮೂರನೇ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಒಂದು ದಿನ ಕಣ್ಣಂಚಿಗೇ ಕಂಡಿತು, ಅಲ್ಲಿಯೂ ಕುರ್ಚಿ ಖಾಲಿ ಇತ್ತು. 'ಮುಖ ತೋರಿಸೋಕೆ ಆಗಿಲ್ಲ, ರಜೆ ಹಾಕಿರಬೇಕು!' ಅಂದುಕೊಂಡಳು. ಅಂದುಕೊಂಡದ್ದಕ್ಕೆ ತನಗೇ ನೋವಾಯಿತು.

ತಿಂಗಳ ಕೊನೆ ಬಂತು. ಹೋಯಿತು.

ಶಾಲೆಯ ಉತ್ತರ ಮರುದಿನ ಬೆಳಗ್ಗೆ ಬಂತು. ಒಳ್ಳೆಯ ಭಾಷೆ, ಒಂದೂ ಗಟ್ಟಿ ಮಾತಿಲ್ಲ. ವಿಷಾದವಿದೆ, ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದೇವೆ, ಮುಂದಿನ ಅವಧಿಗೆ ಹೊಸದಾಗಿ ಅರ್ಜಿ ಹಾಕಿದರೆ ಖಂಡಿತ ಪರಿಗಣಿಸುತ್ತೇವೆ.

ಮಿಸ್ ಟ್ಯೂಷನ್ ಕೋಣೆಯಲ್ಲಿ ಒಬ್ಬಳೇ ಕೂತು ಅದನ್ನು ಓದಿದಳು. ಕೆಳಗೆ ಬೇಕರಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ಅವಳಿಗೆ ಅಳಲೂ ಆಗಲಿಲ್ಲ. ಸಿಟ್ಟು ಮಾಡಲು ಯಾರಾದರೂ ಬೇಕಲ್ಲ? ಅಪ್ಪನ ಮೇಲೆ ಸಿಟ್ಟು ಮಾಡಲಾಗದು. ಹೆರಿಗೆಯಾದ ಹುಡುಗಿಯ ಮೇಲೆ ಸಿಟ್ಟು ಮಾಡಲಾಗದು. ಅವನ ಮೇಲೆ ಮಾಡಬಹುದಿತ್ತು... ಅದೊಂದು ಮಾತ್ರ ಎಷ್ಟು ಪ್ರಯತ್ನಿಸಿದರೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಸಿಟ್ಟಿನ ನಡುವೆ ಅವನ ಬಿಳಿಚಿದ ಮುಖ ಬಂದು ನಿಲ್ಲುತ್ತಿತ್ತು.

ಅಂಗಡಿಗೆ ಹೋಗಿ ಸುದ್ದಿ ಹೇಳಿದಳು. ಅಪ್ಪ ಕೇಳಿಸಿಕೊಂಡು, ಕುರ್ಚಿಯ ಹಿಂದಿನ ಗೋಡೆಯ ಖಾಲಿ ಮೊಳೆಯನ್ನು ನೋಡಿದ.

"ನನ್ನಿಂದಾನೇ ಅಲ್ವಾ ಪುಟ್ಟಾ ಎಲ್ಲ..."

"ನಿನ್ನಿಂದ ಅಲ್ಲಪ್ಪಾ. ಯಾರಿಂದಾನೂ ಅಲ್ಲ." ಹಾಗೆ ಹೇಳಿದ ಮೇಲೆ ಅವಳಿಗೆ ಅಳು ಬಂತು.

ಕೆಲವು ದಿನ ಬಿಟ್ಟು, ನಿಮ್ಮ ಕಾಗದಪತ್ರ ಸಿದ್ಧವಾಗಿದೆ, ತೆಗೆದುಕೊಂಡು ಹೋಗಿ ಎಂದು ಕಚೇರಿಯಿಂದ ಫೋನು ಬಂತು. ಇನ್ನು ಯಾಕೆ? ಆದರೂ ಹೋದಳು. ಕಿಟಕಿಗಳ ಹತ್ತಿರ ಸುಳಿಯದೆ ನೇರ ಸೂಪರಿಂಟೆಂಡೆಂಟ್ ಮೇಡಂ ಕೋಣೆಗೆ ಹೋದಳು.

ಮೇಡಂಗೆ ನಿವೃತ್ತಿ ಹತ್ತಿರದ ವಯಸ್ಸು. ಕನ್ನಡಕದ ಮೇಲಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓ... ನೀನೇನಾ ಅದು?"

"ಯಾವುದು ಮೇಡಂ?"

"ಕೂತ್ಕೋ." ಹೊಸ ಪದವಿ ಪತ್ರವನ್ನು ಮುಂದಿಟ್ಟರು. ಹಿಂಬದಿಯಲ್ಲಿ ನೀಲಿ ಮುದ್ರೆ ಅಚ್ಚುಕಟ್ಟಾಗಿ ಬಿದ್ದಿತ್ತು. ಕೆಳಗೆ ಐದನೇ ಕಿಟಕಿಯವರ ಸಹಿ. "ಒಂದು ದಿನ ತಡ ಆಗೋಯ್ತಂತೆ ನಿಂಗೆ. ನಮ್ಮ ಹುಡುಗ ಮಾತ್ರ ತನ್ನ ಕೈಲಾದಷ್ಟು ಓಡಾಡಿದ ಕಣಮ್ಮಾ. ರಜೆ ಹಾಕಿ, ಬಸ್ ಹತ್ತಿ, ಆ ಹೆರಿಗೆ ಆಸ್ಪತ್ರೆ ತನಕ ಹೋಗಿ, ಒಂದು ಗಂಟೆ ಮಟ್ಟಿಗೆ ಬಂದು ಸಹಿ ಹಾಕಿ ಹೋಗಿ ಅಂತ ಬೇಡ್ಕೊಂಡ, ಅವರ ಕಾಲೊಂದು ಹಿಡೀಲಿಲ್ಲ ಅಷ್ಟೇ. ಅವರಿಗಾದ್ರೂ ಮಗಳನ್ನ ಬಿಟ್ಟು ಹೇಗೆ ಬರೋಕಾಗುತ್ತೆ? ಮಗು ಹುಟ್ಟಿದ ಮಾರನೇ ದಿನ ಬಂದ್ರು. ಅಷ್ಟರಲ್ಲಿ ನಿನ್ನ ಗಡುವು ಮುಗಿದಿತ್ತು."

ಮಿಸ್‌ಗೆ ನೆನಪಾಯಿತು. ಆ ಖಾಲಿ ಕುರ್ಚಿ... ಆ ದಿನ...

"ಅಷ್ಟೆಲ್ಲ ಮಾಡೋ ಬದಲು ಅವರೇ ಒಂದು ಸಹಿ ಹಾಕಬಹುದಿತ್ತಲ್ಲ ಮೇಡಂ?"

"ನಾನೂ ಅದನ್ನೇ ಕೇಳ್ದೆ! ಕಡತ ಹಿಡ್ಕೊಂಡು ಬಂದು ಇಲ್ಲೇ, ಈ ಮೇಜಿನ ಮುಂದೆ ನಿಂತಿದ್ದ. 'ಮೇಡಂ, ಇದನ್ನ ನನ್ನ ಹೆಸರಿಂದ ತೆಗೀರಿ. ಆ ಸಾಲು ಬರೆಯೋಕೆ ನನ್ನ ಕೈಲಿ ಆಗ್ತಿಲ್ಲ' ಅಂದ. ಏನಪ್ಪಾ ನಿನಗೂ ಇವರಿಗೂ ಸಂಬಂಧ ಅಂದೆ. 'ಏನೂ ಇಲ್ಲ ಮೇಡಂ' ಅಂದ. ಏನೂ ಇಲ್ಲದಿದ್ರೆ ಏನೂ ಇಲ್ಲ ಅಂತ ಬರಿ, ನಿನಗೇನು ಕಷ್ಟ ಅಂದೆ." ಮೇಡಂ ಕನ್ನಡಕ ತೆಗೆದರು. "ತಲೆ ತಗ್ಗಿಸಿ ನಿಂತ. 'ಬರೆದ್ರೆ ಸುಳ್ಳಾಗುತ್ತೆ ಮೇಡಂ' ಅಂದ."



"ಇದನ್ನೂ ತಗೋ," ಎಂದು ಮೇಡಂ ಇನ್ನೊಂದು ಕಾಗದ ಸರಿಸಿದರು. ಹಳೆಯ ಪದವಿ ಪತ್ರ. ಮೂಲೆ ಹರಿದದ್ದು, ಉಳಿದ ಪ್ಲಾಸ್ಟಿಕ್ ಇನ್ನೂ ಮಿರಮಿರ ಮಿಂಚುತ್ತಿದ್ದದ್ದು. ಅಂಚಿನಲ್ಲಿ ಎರಡು ತೂತು ಹೊಡೆದು ರದ್ದು ಮಾಡಿದ್ದರು. "ರದ್ದಾದ್ದನ್ನ ಸುಟ್ಟುಹಾಕೋದು ರೂಢಿ. ಇವನು ಬಂದು ಕೇಳ್ದ. ಇದರಿಂದ ಇನ್ನು ಯಾರಿಗೂ ಏನೂ ಆಗಬೇಕಿಲ್ಲ ಮೇಡಂ, ಅವರ ತಂದೆಗೆ ಕೊಟ್ಟುಬಿಡೋಣ, ಗೋಡೆ ಖಾಲಿ ಇದೆ ಅಂದ."

ಮಿಸ್ ಎದ್ದಳು. ಕೂತಳು. ಮತ್ತೆ ಎದ್ದಳು.

"ಬೆಂಚಿನ ಹತ್ತಿರ ಇರ್ತಾನೆ," ಅಂದರು ಮೇಡಂ. "ಊಟದ ಹೊತ್ತು."

ಅವನು ಆ ತುದಿಯಲ್ಲಿ ಕೂತಿದ್ದ. ಡಬ್ಬಿ ತೆರೆದಿರಲಿಲ್ಲ. ಅವಳನ್ನು ಕಂಡು ಎದ್ದು ನಿಂತ. ಬೈಗುಳಕ್ಕೆ ಸಿದ್ಧನಾದವನಂತೆ.

"ಒಂದು ಸುಳ್ಳು ಬರೆದಿದ್ರೆ ನಾನು ಇಷ್ಟೊತ್ತಿಗೆ ಹೊರಟಿರ್ತಿದ್ದೆ," ಅಂದಳು.

"ಗೊತ್ತು."

"ಬರೀಬಹುದಿತ್ತಲ್ಲ?"

"ಕೂತಿದ್ದೆ ಬರೆಯೋಕೆ. ಪೆನ್ನಿನ ಮುಚ್ಚಳ ತೆಗೆದೆ, 'ನನಗೂ' ಅಂತ ಬರೆದೆ. ಮುಂದೆ ಕೈ ಹೋಗ್ಲಿಲ್ಲ." ಅವನು ಗೋಡೆಯ ಕಡೆ ನೋಡುತ್ತ ಹೇಳಿದ. "ಬೆಂಚಿನ ಮೇಲೆ ನಾವಿಬ್ಬರು ದಿನಾ ಕೂತಿದ್ದನ್ನ ಇಡೀ ಕಚೇರಿ ನೋಡಿದೆ. ನಾಳೆ ಯಾರೋ ಒಂದು ಮಾತು ಅಂದ್ರೆ ನಿಮ್ಮ ಪದವಿನೇ ಸುಳ್ಳು ಅಂತಾರೆ. ಅಲ್ಲಿಂದ ವಾಪಸ್ ಕಳಿಸ್ತಾರೆ. ನಿಮ್ಮಪ್ಪ ಅಷ್ಟು ಪ್ರೀತಿಯಿಂದ ಕಾಪಾಡಿದ್ದಕ್ಕೆ ನಾನು ಮಸಿ ಬಳಿದ ಹಾಗಾಗ್ತಿತ್ತು. ಬರೆದ್ರೂ ಕಷ್ಟ, ಬರೀದೇ ಇದ್ರೂ ಕಷ್ಟ. ಏನು ಮಾಡಿದ್ರೂ ನಿಮ್ಮನ್ನ ಕಳ್ಕೋತಿದ್ದೆ. ನನಗೆ ದಾರಿನೇ ಕಾಣಲಿಲ್ಲ."

"ನನಗಾದ್ರೂ ಹೇಳಬಾರದಿತ್ತಾ? ಅಷ್ಟು ಜನರ ಮುಂದೆ ಕೂಗಾಡಿದೆ... ಆಗಲೂ ಹೇಳಲಿಲ್ಲ!"

"ಹೇಗೆ ಹೇಳಲಿ? ನಿಮ್ಮ ಕಡತ ಇನ್ನೂ ನಮ್ಮ ಕಚೇರಿಲೇ ಇತ್ತು." ಅವನು ಅವಳ ಕಡೆ ತಿರುಗಿದ. "ಕೆಲಸ ಆಗಬೇಕು ಅನ್ನೋ ಹಂಗಿಗೆ ನೀವು ಹೂಂ ಅಂದುಬಿಟ್ರೆ? ಆ ಹೂಂ ಇಟ್ಕೊಂಡು ನಾನೇನು ಮಾಡಲಿ?"

ಮಿಸ್‌ಳ ಕಣ್ಣು ತುಂಬಿ ಬಂತು. ಎಂಟು ವರ್ಷ ಮಕ್ಕಳಿಗೆ ಪ್ರತಿ ಪದಕ್ಕೂ ಅರ್ಥ ಹೇಳಿದವಳಿಗೆ ಈಗ ಎರಡು ಭಾಷೆಯಲ್ಲೂ ಒಂದು ಪದ ಸಿಗಲಿಲ್ಲ. ಅವಳು ಬೆಂಚಿನ ಮೇಲೆ ಕೂತಳು. ಈ ತುದಿಯಲ್ಲಲ್ಲ, ಮಧ್ಯದಲ್ಲಿ.

"ಕೂತ್ಕೊಳ್ಳಿ," ಅಂದಳು.

ಕೂತ.

"ಈಗ ನನ್ನ ಕಡತ ಎಲ್ಲಿದೆ?"

"ಮುಗೀತು. ನಿಮ್ಮ ಕೈಲೇ ಇದೆಯಲ್ಲ."

"ನಿಮ್ಮಿಂದ ನನಗೆ ಏನಾದ್ರೂ ಕೆಲಸ ಆಗಬೇಕಿದೆಯಾ?"

"ಇಲ್ಲ..."

"ಹಾಗಾದ್ರೆ ಈಗ ಹೇಳ್ತೀನಿ ಕೇಳಿ. ಹೂಂ."

ಅವನು ಅವಳನ್ನೇ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಅವಳು ಆ ಕೈಗಳಲ್ಲಿ ಒಂದನ್ನು ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು. ಮೆಟ್ಟಿಲು ಇಳಿಯುತ್ತಿದ್ದ ಇಬ್ಬರು ಗುಮಾಸ್ತರು ನೋಡಿಯೂ ನೋಡದವರಂತೆ ಹೋದರು.

"ಆದ್ರೆ ನಾನು ಹೋಗ್ತೀನಿ," ಅಂದಳು. "ಮುಂದಿನ ಅವಧಿಗೆ ಮತ್ತೆ ಅರ್ಜಿ ಹಾಕ್ತೀನಿ. ಸಿಕ್ಕಿದ್ರೆ ಎರಡು ವರ್ಷ ಅಲ್ಲೇ. ಅದನ್ನ ಬಿಡು ಅಂತ ಮಾತ್ರ ಕೇಳಬೇಡಿ."

"ಕೇಳಲ್ಲ." ಅವನು ಕಷ್ಟಪಟ್ಟು ನಕ್ಕ. "ನಾನೆಲ್ಲಿಗೆ ಹೋಗ್ತೀನಿ? ಕಿಟಕಿಗೆ ಸರಳು ಬೇರೆ ಇದೆ. ಇಲ್ಲೇ ಇರ್ತೀನಿ. ಸಂಜೆ ಹೊತ್ತು ಅಪ್ಪನ ಅಂಗಡೀಲಿ ಇರ್ತೀನಿ."

"ಮೊದಲು ಇದನ್ನ ಅಪ್ಪನಿಗೆ ಕೊಡಿ. ನಿಮ್ಮ ಕೈಯಾರೆ." ಅವಳು ಹಳೆಯ ಪದವಿ ಪತ್ರವನ್ನು ಅವನ ತೊಡೆಯ ಮೇಲಿಟ್ಟಳು. "ಇನ್ನೊಂದು ಪದರ ಲ್ಯಾಮಿನೇಷನ್ ಬೇಕಾದ್ರೂ ಮಾಡ್ಕೊಳ್ಳಲಿ."

"ಹೊಸದನ್ನ?"

"ಅಂಗಡಿ ಇರೋ ಬೀದಿಗೂ ಒಯ್ಯಲ್ಲ!"

ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಅವಳಿಗೆ ಮತ್ತೆ ಕಣ್ಣೀರು ಬಂತು. ಸಿಕ್ಕಿದ್ದು ಇವತ್ತು, ಬಿಟ್ಟು ಹೋಗಬೇಕಾದದ್ದು ನಾಳೆಯೋ ನಾಡಿದ್ದೋ. ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಊಟದ ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿತು. ಅವನು ಏಳಲಿಲ್ಲ.

"ಮುಂದಿನ ಸಲ ಅಂಕಪಟ್ಟಿ ಲಕೋಟೆ ಹೊಸದಾಗಿ ಹೋಗಬೇಕು," ಅಂದ. "ಅದರ ದೃಢೀಕರಣ ಮತ್ತೆ ಮೊದಲಿಂದ. ಕಡತ ಯಾವ ಕಿಟಕಿಗೆ ಹಾಕಿಸಲಿ ಮೇಡಂ?"

"ಐದನೆಯದಕ್ಕೆ."

"ಮೂರನೇದಕ್ಕೆ ಬೇಡ್ವಾ?"

"ಬೇಡ." ಮಿಸ್ ಅವನ ಹೆಗಲಿಗೆ ತಲೆ ಆನಿಸಿದಳು. "ಇನ್ನು ಯಾವತ್ತಿಗೂ ಬೇಡ."